ಕೋರೆಗೆ ಇಳಿದ ಹೊಲಿಗೆ ಟೀಚರ್

ಹೊಲಿಗೆ ಟೀಚರ್ ನಮ್ಮ ಮನೆಗೆ ಮೊದಲ ಸಲ ಬಂದದ್ದು ಹಿಂಬಾಗಿಲಿನಿಂದ. ಮುಂದಿನ ಜಗಲಿಯಲ್ಲಿ ಅತ್ತೆ ಚಾಪೆ ಹಾಸಿ ಕುಳಿತಿದ್ದರು. ಬಂದವರಿಗೆ ಕೊಡಲು ಬೆಲ್ಲ, ನೀರು ಕೂಡ ಅಲ್ಲೇ ಇತ್ತು. ಅದನ್ನೆಲ್ಲ ಬಿಟ್ಟು ಅವರು ಬಚ್ಚಲಿನ ಪಕ್ಕದಿಂದ ಸುತ್ತಿ ಬಂದು, ಅಡುಗೆಮನೆಯ ಕಸದ ಬಕೆಟು ಹಿಡಿದು ಹೊರಟಿದ್ದ ನನ್ನ ಎದುರಿಗೆ ನಿಂತರು.

"ಸ್ವಲ್ಪ ನಿಲ್ಲು. ಎಂತ ಬಿಸಾಡ್ತಾ ಇದ್ದೀ ನೋಡುವ."

ನಾನು ಬೆಪ್ಪಾಗಿ ನಿಂತೆ. ಅವರು ಸೌತೆಕಾಯಿ ಸಿಪ್ಪೆಯ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. "ಅಡುಗೆ ಈಗ ಕಲಿಯುವುದಾ? ಸಿಪ್ಪೆಯೊಟ್ಟಿಗೆ ಅರ್ಧ ಸೌತೆಕಾಯಿ ಹೋಗಿದೆ ಮಾರಾಯ್ತಿ." ಆಮೇಲೆ ಸಿಪ್ಪೆಗಳನ್ನು ಸರಿಸಿ ಕೆಳಗೆ ಇಣುಕಿದರು. ತಳ ಹಿಡಿದು ಕರಿದಾಗಿದ್ದ ಅನ್ನವನ್ನು ನಾನು ಅಲ್ಲಿ ಅಡಗಿಸಿಟ್ಟಿದ್ದೆ. ಅವರು ನನ್ನ ಮುಖ ನೋಡಿದರು, ಜಗಲಿಯ ಕಡೆ ಒಮ್ಮೆ ನೋಡಿದರು, ಸಿಪ್ಪೆಗಳನ್ನು ಮೊದಲಿದ್ದ ಹಾಗೆಯೇ ಮುಚ್ಚಿದರು. "ಅತ್ತೆಗೆ ಗೊತ್ತಾಗುವುದು ಬೇಡ, ಅಲ್ವಾ?" ಎಂದು ಪಿಸುಗುಟ್ಟಿ ನಕ್ಕರು. ಆ ನಗುವಿನಿಂದಲೇ ನಮ್ಮ ಸ್ನೇಹ ಶುರುವಾದದ್ದು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಯಜಮಾನರಿಗೆ ಕಾರ್ಕಳದ ಅಂಚೆ ಕಚೇರಿಗೆ ವರ್ಗವಾಗಿ, ನಾವು ಉಡುಪಿಯ ಕಡಿಯಾಳಿಯಿಂದ ಕುಕ್ಕುಂದೂರಿಗೆ ಬಂದಿದ್ದೆವು. ಆರು ಬಿಡಾರಗಳ ಒಂದು ಸಾಲು. ಒಂದರಲ್ಲಿ ನಾವು, ನಮ್ಮ ಪಕ್ಕದ್ದರಲ್ಲಿ ಅವರು. ಇನ್ನೊಂದರ ಯಜಮಾನರು ದುಬಾಯಿಯಲ್ಲಿ ದುಡಿಯುತ್ತಿದ್ದುದರಿಂದ ಅದಕ್ಕೆ ದುಬಾಯಿ ಮನೆ ಎಂದೇ ಹೆಸರು. ಮನೆಗಳ ಹಿಂದೆ ಹಳೆಯದೊಂದು ಮುರಕಲ್ಲಿನ ಕೋರೆ. ಆ ಬಿಡಾರಗಳನ್ನು ಕಟ್ಟಿದ ಕೆಂಪುಕಲ್ಲನ್ನೆಲ್ಲ ಅಲ್ಲಿಂದಲೇ ಕಡಿದದ್ದಂತೆ. ಕಲ್ಲು ಮುಗಿದ ಮೇಲೆ ಉಳಿದದ್ದು ಎರಡು ಆಳು ಆಳದ ಚೌಕ ಗುಂಡಿ. ಆರೂ ಮನೆಯವರು ಎಲ್ಲವನ್ನೂ ಅದಕ್ಕೆ ಎಸೆಯುತ್ತಿದ್ದರು. ಕೋರೆಯಿಂದ ಇಪ್ಪತ್ತು ಹೆಜ್ಜೆ ಈಚೆಗೆ ನಾವೆಲ್ಲ ನೀರು ಸೇದುವ ಬಾವಿ ಇತ್ತು. ಕೋರೆಗೂ ಬಾವಿಗೂ ಏನಾದರೂ ಸಂಬಂಧ ಇದ್ದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಟೀಚರ್ ಹತ್ತಿರದ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಕುಳ್ಳಗೆ, ಗಟ್ಟಿ ಮೈಕಟ್ಟು, ಕೊರಳಲ್ಲಿ ಸಣ್ಣ ಶಿಲುಬೆ. ಕ್ರಿಸ್ತರ ಹೆಂಗಸರನ್ನು ಕರೆಯುವ ಕ್ರಮದಂತೆ ಊರಿನ ಹಿರಿಯರು ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಅವರ ಕೊಡೆಯಲ್ಲಿ ಮೂಲ ಬಟ್ಟೆಗಿಂತ ತೇಪೆಯೇ ಹೆಚ್ಚು. ಒಂದೊಂದು ತೇಪೆಯೂ ಒಂದೊಂದು ಬಣ್ಣದ್ದು. ಮಳೆಯಲ್ಲಿ ದೂರದಿಂದ ಆ ಕೊಡೆ ಬರುವುದು ಕಂಡರೆ ಮಕ್ಕಳು "ಬಂತು, ಬಾವುಟ ಬಂತು" ಎನ್ನುತ್ತಿದ್ದರು. ಹುಟ್ಟೂರು ಶಂಕರಪುರ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಮ್ಮ ಮಲ್ಲಿಗೆ ಬೆಳೆದು, ಹೂ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದ್ದರು. "ಮಲ್ಲಿಗೆ ಗಿಡಕ್ಕೆ ಊಟ ಬಡಿಸಿದ ಮೇಲೆ ನಮಗೆ ಬಡಿಸುವುದು ಅಮ್ಮನ ಕ್ರಮ. ಮೀನು ತೊಳೆದ ನೀರು, ಬೂದಿ, ಸೆಗಣಿ, ತರಗೆಲೆ, ಎಲ್ಲ ಅದಕ್ಕೆ. ನಮಗೆ ಗಂಜಿ" ಎಂದು ನಗುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವರಿಗೆ ನಮ್ಮ ಕೋರೆಯನ್ನು ನೋಡಿದಾಗ ಸಂಕಟವಾಗುತ್ತಿದ್ದುದು ಸಹಜ.

"ಬಿಸಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ನಿನ್ನ ಕಣ್ಣಿನ ಎದುರಿನಿಂದ ಹಿಂದೆ ಹೋಗ್ತದೆ, ಅಷ್ಟೆ" ಎಂದು ಅವರು ಹೇಳಿದಾಗ ನಾನು ತಲೆಯಾಡಿಸಿದ್ದೆ. ಅರ್ಥವಾದದ್ದು ಆ ವರ್ಷದ ಮಳೆಗಾಲದಲ್ಲಿ. ಕೋರೆ ತುಂಬಿ ನೀರು ನಿಂತ ಒಂದು ವಾರಕ್ಕೆ ಬಾವಿಯ ನೀರಿನಲ್ಲಿ ಎಣ್ಣೆಯ ಹಾಗೆ ಏನೋ ತೇಲತೊಡಗಿತು, ವಾಸನೆಯೂ ಬಂತು. ಸಾಲಿನ ಮಕ್ಕಳಿಗೆಲ್ಲ ಹೊಟ್ಟೆ ಕೆಟ್ಟಿತು. ನನ್ನ ಮಗಳಿಗೆ ಆಗ ಒಂದು ವರ್ಷ. ಅವಳ ಕಣ್ಣು ಒಳಗೆ ಹೋದಾಗ ಹೆದರಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ನಾಲ್ಕು ದಿನ ಅಲ್ಲಿ ಮಂಚದ ಪಕ್ಕ ಕುಳಿತಿದ್ದೆ. ಮಗು ಚೇತರಿಸಿಕೊಂಡಿತು. ಬಿಡಾರಗಳಿಗೂ ಕೋರೆಗೂ ಒಡೆಯರಾದ ಧಣಿಗಳು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಇನ್ನು ತೊಂದರೆ ಇಲ್ಲ ಎಂದರು. ಮರುದಿನ ಬೆಳಿಗ್ಗೆ ಆರೂ ಮನೆಯ ಬಕೆಟುಗಳು ಮತ್ತೆ ಕೋರೆಯ ಕಡೆಗೇ ಹೊರಟವು.

ಟೀಚರ್ ಮಳೆಗಾಲ ಮುಗಿಯುವುದನ್ನೇ ಕಾದರು. ಬೇಸಗೆ ಬಂದು, ಕೋರೆ ಒಣಗಿ, ಶಾಲೆಗೆ ರಜೆ ಸಿಕ್ಕಿದ ಮೊದಲ ದಿನ, ತೆಂಗಿನಮರ ಹತ್ತುವವರ ಏಣಿಯೊಂದನ್ನು ಕೇಳಿ ತಂದರು. ಸೀರೆ ಎತ್ತಿ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಒಬ್ಬರೇ ಕೋರೆಗೆ ಇಳಿದರು.

ಅಂಥ ತಮಾಷೆ ಕುಕ್ಕುಂದೂರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಅಂಚಿನಲ್ಲಿ ಜನ ಸೇರಿದರು. ಟೀಚರ್ ಕೆಳಗಿನಿಂದ ಒಂದೊಂದೇ ವಸ್ತುವನ್ನು ಎತ್ತಿ ಹಿಡಿದು ಹೆಸರು ಕರೆಯುತ್ತಿದ್ದರು, ತರಗತಿಯಲ್ಲಿ ಹಾಜರಿ ಕರೆದ ಹಾಗೆ. "ಈ ಚಪ್ಪಲಿ ಯಾರ ಮಗುವಿನದ್ದು? ಒಂಟಿ ಉಂಟು." "ದುಬಾಯಿಯವರ ಮನೆಯ ಹಾಲಿನಪುಡಿ ಡಬ್ಬ, ಎಂಟು." "ಟಾರ್ಚಿನ ಸೆಲ್ಲು ಯಾರದ್ದೆಲ್ಲ? ಇಷ್ಟು ಬೆಳಕು ಹಿಡಿದು ನೀವು ಎಂತ ಹುಡುಕಿದ್ದು?" ಹೆಸರು ಬಂದವರು ನಾಚಿ ನಗುತ್ತಿದ್ದರು, ಬಾರದವರು ಜೋರಾಗಿ ನಗುತ್ತಿದ್ದರು.

ಮೂರನೆಯ ದಿನ ಅವರು ಹೆಸರು ಕರೆಯಲಿಲ್ಲ. ಏಣಿ ಹತ್ತಿ ಬಂದು, ಸೀದಾ ನಮ್ಮ ಹಿಂಬಾಗಿಲಿಗೆ ಬಂದು, ಮುಷ್ಟಿ ಬಿಚ್ಚಿದರು. ಕೈಯಲ್ಲಿ ಕಪ್ಪಾಗಿದ್ದ ಒಂದು ಬೆಳ್ಳಿಯ ಒಳಲೆ.

ಅದು ನನ್ನ ತವರಿನವರು ಮಗಳಿಗೆ ಹಾಲು ಕುಡಿಸಲು ಕೊಟ್ಟದ್ದು. ಕಾಣೆಯಾಗಿ ಏಳೆಂಟು ತಿಂಗಳಾಗಿತ್ತು. ಆಗ ನಮ್ಮಲ್ಲಿ ಪಾತ್ರೆ ತೊಳೆಯಲು ಗಿರಿಜ ಎಂಬವಳು ಬರುತ್ತಿದ್ದಳು. ಅತ್ತೆಗೆ ಅವಳ ಮೇಲೆ ಸಂಶಯ ಬಂತು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. "ಇನ್ನು ನಾವೇ ತೊಳೆದುಕೊಳ್ತೇವೆ" ಎಂದೆ, ಅಷ್ಟೆ. ಹೇಳಿದವಳು ನಾನೇ. ಈಗ ನೋಡಿದರೆ, ಗಂಜಿಯೊಟ್ಟಿಗೆ ಒಳಲೆಯನ್ನೂ ಬಕೆಟಿಗೆ ಸುರಿದವಳೂ ನಾನೇ.

ನಾನು ಒಳಲೆ ಹಿಡಿದುಕೊಂಡು ಬಾಗಿಲಿನ ಮೆಟ್ಟಿಲಲ್ಲೇ ಕುಳಿತೆ. ಟೀಚರ್ ಒಂದು ಮಾತೂ ಬೈಯಲಿಲ್ಲ. "ಮುಖ ತೊಳೆದುಕೊಂಡು ಬಾ. ಅವಳ ಮನೆ ನನಗೆ ಗೊತ್ತುಂಟು" ಎಂದರು.

ಗಿರಿಜ ಗುಡ್ಡದ ಬುಡದ ತನ್ನ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನಾನು ಒಳಲೆಯನ್ನು ತೋರಿಸಿ, ಎಲ್ಲಿ ಸಿಕ್ಕಿತು ಎಂದು ಹೇಳಿ, ತಪ್ಪಾಯಿತು ಎಂದೆ. ಅವಳು ತೊಡೆಯ ಮೇಲಿನ ಮೊರದಂಥ ಸೂಪಿನಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಸರಿ ಮಾಡಿದಳು.

"ನಾನು ಕದ್ದದ್ದು ಅಂತ ನೀವು ಹೇಳ್ಲಿಲ್ಲ ಅಮ್ಮ" ಎಂದಳು. "ಹೇಳಿದ್ರೆ, ಇಲ್ಲ ಅಂತ ಹೇಳ್ಲಿಕ್ಕಾದ್ರೂ ಆಗ್ತಿತ್ತು."

ಟೀಚರ್ ನನ್ನ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಗಿರಿಜಳೇ ಎದ್ದು ಒಳಗಿನಿಂದ ನೀರು ತಂದುಕೊಟ್ಟಳು. ಆಮೇಲೆ ನನ್ನನ್ನು ಬಿಟ್ಟು ಟೀಚರನ್ನು ಕೇಳಿದಳು, "ಕೋರೆಗೆ ಇಳಿಯಲಿಕ್ಕೆ ಇನ್ನೂ ಜನ ಬೇಕಾ?"

"ಬೇಕು. ಆದರೆ ಕೂಲಿಗೆ ಅಲ್ಲ, ಪಾಲಿಗೆ. ಅಲ್ಲಿಂದ ಗೊಬ್ಬರ ಎಷ್ಟು ಬರ್ತದೋ ಅದರಲ್ಲಿ ಅರ್ಧ ನಿನ್ನದು."

ಮರುದಿನ ಗಿರಿಜ ಬಂದಳು. ನಮ್ಮ ಅಡುಗೆಮನೆಗೆ ಬರಲಿಲ್ಲ, ಕೋರೆಗೆ ಬಂದಳು. ನಾನೂ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಏಣಿ ಇಳಿದೆ. ಅತ್ತೆ ಬೇಡ ಎನ್ನಲಿಲ್ಲ. ಮಧ್ಯಾಹ್ನ ಮೂವರಿಗೂ ಮಜ್ಜಿಗೆ ತಂದು ಅಂಚಿನಲ್ಲಿಟ್ಟು ಹೋದರು.

ಹದಿನೈದು ದಿನಕ್ಕೆ ಕೋರೆ ಖಾಲಿಯಾಯಿತು. ಅಲ್ಲಿಂದ ಮೇಲೆ ಬಂದ ಬಾಟಲಿ, ಡಬ್ಬ, ಕಬ್ಬಿಣ ಎಲ್ಲ ಗುಜರಿಯ ಸಾಯಿಬರ ಸೈಕಲ್ಲಿಗೆ ಹೋಯಿತು. ಸಾಯಿಬರು ಅದನ್ನು ಒಯ್ಯಲು ಆರು ಸಲ ಬರಬೇಕಾಯಿತು. ಇನ್ನು ಮುಂದೆ ಪ್ರತಿ ಗುರುವಾರ ಬರಬೇಕೆಂದು ಟೀಚರ್ ಅವರಿಂದ ಮಾತು ತೆಗೆದುಕೊಂಡರು. ಗೊಬ್ಬರಕ್ಕೆಂದು ಬಿಡಾರಗಳ ಹಿತ್ತಲಲ್ಲೇ ಒಂದು ಸಣ್ಣ ಗುಂಡಿ ತೋಡಿಸಿದರು. ಒಂದು ಪದರ ಅಡುಗೆಮನೆಯ ಕಸ, ಒಂದು ಪದರ ತರಗೆಲೆ, ಮೇಲೆ ಸೆಗಣಿ ನೀರು. ಕರಟ, ತೆಂಗಿನ ಮಡಲು ಬಚ್ಚಲೊಲೆಗೆ. ಬೂದಿ ಬಸಳೆಯ ಬುಡಕ್ಕೆ. ಹಳೆಯ ಸೀರೆಗಳು ಅವರ ಹೊಲಿಗೆ ಕ್ಲಾಸಿಗೆ ಹೋಗಿ, ಕಾಲೊರಸುವ ಹಾಸುಗಳಾಗಿ ವಾಪಸು ಬಂದವು. ದುಬಾಯಿ ಮನೆಯ ಡಬ್ಬಗಳಲ್ಲಿ ಮಲ್ಲಿಗೆಯ ಗೆಲ್ಲು ನೆಟ್ಟು ಮನೆಗೊಂದು ಹಂಚಿದರು.

ಇಷ್ಟೆಲ್ಲ ಜೋರು ಮಾಡಿದ ಟೀಚರಿಗೆ ಮೊದಲ ಮಳೆಯೇ ಬುದ್ಧಿ ಕಲಿಸಿತು. ನಮ್ಮ ಕಡೆಯ ಜೂನ್ ಮಳೆಗೆ ಗುಂಡಿ ಕೆರೆಯಾಯಿತು. ಒಳಗಿದ್ದದ್ದು ಗೊಬ್ಬರವಾಗುವ ಬದಲು ಕೊಳೆತು, ಇಡೀ ಸಾಲು ಮೂಗು ಮುಚ್ಚಿಕೊಂಡು ಓಡಾಡಿತು. "ಕೋರೆ ದೂರ ಇತ್ತು, ಟೀಚರ್ ಅದನ್ನು ಹತ್ತಿರ ತಂದ್ರು" ಎಂದು ದುಬಾಯಿ ಮನೆಯ ಹೆಂಗಸು ಹೇಳಿದ್ದು ಅವರ ಕಿವಿಗೂ ಬಿತ್ತು. ನಾವು ಮರೆಯಲ್ಲಿ ನಗುವ ಮೊದಲು ಅವರೇ ಎದುರಿಗೆ ಬಂದು ನಕ್ಕರು. "ಹೌದು, ತಪ್ಪಿದ್ದು ನನಗೆ. ಅಮ್ಮನತ್ರ ಕೇಳಿ ಬರ್ತೇನೆ" ಎಂದು ಬಾವುಟದ ಕೊಡೆ ಬಿಡಿಸಿ ಶಂಕರಪುರದ ಬಸ್ಸು ಹತ್ತಿದರು. ಭಾನುವಾರ ವಾಪಸು ಬಂದಾಗ ಮುಖ ಅರಳಿತ್ತು. "ಗುಂಡಿ ಯಾರು ತೋಡ್ಲಿಕ್ಕೆ ಹೇಳಿದ್ದು ಅಂತ ಅಮ್ಮ ಬೈದ್ರು. ಗುಂಡಿ ಘಟ್ಟದ ಮೇಲಿನವರಿಗಂತೆ. ನಮ್ಮಲ್ಲಿ ನೆಲದ ಮೇಲೆ ರಾಶಿ ಹಾಕಿ, ಮಳೆ ತಾಗದ ಹಾಗೆ ಮೇಲಿಂದ ಮಡಲಿನ ಮಾಡು ಕಟ್ಟಬೇಕಂತೆ." ಗಿರಿಜ ಆ ಸಂಜೆಯೇ ಮಡಲು ಹೆಣೆದಳು. ಆ ಮಾಡಿನ ಕೆಳಗೆ ರಾಶಿ ಬೆಚ್ಚಗೆ ಹಬೆಯಾಡುತ್ತಾ ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗೆ ಕಡು ಕಂದು ಬಣ್ಣದ ಹುಡಿ ಗೊಬ್ಬರ ಸಿದ್ಧವಾಗಿತ್ತು. ವಾಸನೆ ಹೊಸ ಮಳೆ ಬಿದ್ದ ಮಣ್ಣಿನದ್ದು. ಗಿರಿಜ ತನ್ನ ಅರ್ಧವನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋದಳು. ಆ ವರ್ಷ ಅವಳ ಬಸಳೆ ಚಪ್ಪರ ನಮ್ಮದಕ್ಕಿಂತ ಎರಡು ಪಾಲು ದಟ್ಟವಾಗಿತ್ತು. ಅದರ ಮೊದಲ ಕಟ್ಟನ್ನು ಅವಳು ನಮ್ಮ ಅಡುಗೆಮನೆಯ ಬಾಗಿಲಲ್ಲಿ ತಂದಿಟ್ಟಾಗ ನಾನು ಎರಡೂ ಕೈಯಲ್ಲಿ ಎತ್ತಿಕೊಂಡೆ.

ಟೀಚರ್ ಸೋತದ್ದು ಒಂದೇ ವಿಷಯದಲ್ಲಿ. ಆಗಷ್ಟೇ ಅಂಗಡಿಗಳಿಗೆ ಪ್ಲಾಸ್ಟಿಕ್ ತೊಟ್ಟೆ, ಎಂದರೆ ತೆಳ್ಳನೆಯ ಚೀಲ, ಬರತೊಡಗಿತ್ತು. ಸಾಯಿಬರೂ ಅದನ್ನು ಬೇಡ ಎನ್ನುತ್ತಿದ್ದರು. ತೊಟ್ಟೆಗಳನ್ನೂ ಸೆಲ್ಲುಗಳನ್ನೂ ಅವರು ಒಂದು ಗೋಣಿಯಲ್ಲಿ ತುಂಬಿಸಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡಿದ್ದರು. "ಇದಕ್ಕೆ ನನ್ನತ್ರ ಉತ್ತರ ಇಲ್ಲ. ಉತ್ತರ ಗೊತ್ತಿರುವವರು ಬರುವವರೆಗೆ ಇಲ್ಲಿಯೇ ಇರ್ಲಿ" ಎನ್ನುತ್ತಿದ್ದರು. ಅಂಗಡಿಗೆ ಹೋಗುವಾಗ ಮಾತ್ರ ತಾವೇ ಹೊಲಿದ ಬಟ್ಟೆ ಚೀಲ. ಸಾಲಿನ ಎಲ್ಲರಿಗೂ ಒಂದೊಂದು ಹೊಲಿದು ಕೊಟ್ಟು, ಯಾರು ಮರೆತು ಹೋಗುತ್ತಾರೆ ಎಂದು ಕಿಟಕಿಯಿಂದ ನೋಡುತ್ತಿದ್ದರು.

ಎಂಬತ್ತರ ಆಸುಪಾಸಿನಲ್ಲಿ ಧಣಿಗಳ ಮಗಳ ಮದುವೆ ಬಂತು. ಅಂಗಳದಲ್ಲಿ ಚಪ್ಪರ, ದೊಡ್ಡ ಊಟ. ಎಲೆಗಳನ್ನು ಕೋರೆಗೆ ಸುರಿಯಿರಿ ಎಂದು ಧಣಿಗಳು ಆಳುಗಳಿಗೆ ಮೊದಲೇ ಹೇಳಿಬಿಟ್ಟಿದ್ದರು. ಟೀಚರ್ ಮದುವೆಗೆಂದು ಉಟ್ಟ ಒಳ್ಳೆಯ ಸೀರೆಯಲ್ಲೇ ಕೈತೊಳೆಯುವ ಜಾಗದಲ್ಲಿ ನಿಂತು, ಎಲೆ ಒಂದು ಕಡೆ, ಉಳಿದ ಅನ್ನ ಹಸುಗಳ ಬಾನಿಗೆ, ಸೋಡಾ ಬಾಟಲಿ ಇನ್ನೊಂದು ಕಡೆ ಎಂದು ಬಡಿಸುವವರಿಗಿಂತ ಚುರುಕಾಗಿ ವಿಂಗಡಿಸತೊಡಗಿದರು. ಧಣಿಗಳ ಮನೆಯ ಹಿರಿಯ ಹೆಂಗಸೊಬ್ಬರಿಗೆ ತಡೆಯಲಾಗಲಿಲ್ಲ.

"ನೀವು ಶಾಲೆಯ ಟೀಚರ್, ಕರೆದು ಬಂದವರು. ಊರಿನವರ ಎಂಜಲು ಮುಟ್ಟುವುದು ಎಂತಕ್ಕೆ ಬಾಯಮ್ಮ? ನೋಡಿದವರು ಎಂತ ಹೇಳ್ಯಾರು?"

"ಎಂಜಲು ಅಲ್ಲ ಅಮ್ಮ, ಇನ್ನೂ ಊಟವೇ" ಎಂದರು ಟೀಚರ್. "ಮೊದಲಿನ ಪಂಕ್ತಿ ನಮ್ಮದು ಆಯ್ತು. ಈಗ ಮಣ್ಣಿನ ಪಂಕ್ತಿ. ಅದು ನಾಚಿಕೆಯ ಅತಿಥಿ, ಕೇಳುವುದಿಲ್ಲ. ನಾವೇ ಬಡಿಸಬೇಕು."

ಆ ಹಿರಿಯರು ಅವರ ಮುಖವನ್ನೇ ನೋಡಿದರು. ನಗಬೇಕೋ ಬೇಡವೋ ಎಂದು ಗೊತ್ತಾಗದೆ ಕೊನೆಗೆ ನಕ್ಕೇಬಿಟ್ಟರು. ಸಂಜೆಯ ಹೊತ್ತಿಗೆ ನಮ್ಮ ಗೊಬ್ಬರದ ರಾಶಿಗೆ ಹೊರಟ ಎಲೆಗಳ ಗಾಡಿಯ ಹಿಂದೆ ಮದುಮಗಳ ಚಿಕ್ಕಮ್ಮಂದಿರೇ ನಡೆದು ಬರುತ್ತಿದ್ದರು.

ಆದರೆ ನಿಜವಾದ ಪರೀಕ್ಷೆ ಅದಾದ ಎರಡು ವರ್ಷಕ್ಕೆ ಬಂತು. ಪೇಟೆಯ ಕಸ ಸುರಿಯಲು ಜಾಗ ಹುಡುಕುತ್ತಿದ್ದವರ ಕಣ್ಣು ನಮ್ಮ ಕೋರೆಯ ಮೇಲೆ ಬಿತ್ತು. ಲಾರಿ ಬರುವಷ್ಟು ದಾರಿ ಇತ್ತು, ಗುಂಡಿ ತಯಾರಿತ್ತು. ಧಣಿಗಳು ಒಪ್ಪುವುದರಲ್ಲಿದ್ದರು. ಅವರಿಗೆ ಅದು ಯಾವ ಬೆಳೆಯೂ ಬಾರದ ನೆಲ. ಸುದ್ದಿ ಕೇಳಿ ನಾವೆಲ್ಲ ಅರ್ಜಿ ಬರೆಯಲು ಕುಳಿತೆವು. ನಾನು ಆಸ್ಪತ್ರೆಯ ಆ ನಾಲ್ಕು ದಿನಗಳನ್ನೇ ಮೊದಲ ಸಾಲಿಗೆ ಬರೆದೆ.

"ಅರ್ಜಿ ಆಮೇಲೆ ಬರೆಯುವ" ಎಂದರು ಟೀಚರ್. "ಧಣಿಗಳು ಕೃಷಿಕರು. ಕಾಗದ ಓದುವುದಕ್ಕಿಂತ ಮಣ್ಣು ಓದುವುದು ಅವರಿಗೆ ಸುಲಭ."

ಗಿರಿಜ ಒಂದು ಬುಟ್ಟಿ ಗೊಬ್ಬರ ತಲೆಯ ಮೇಲೆ ಇಟ್ಟುಕೊಂಡಳು. ಟೀಚರ್, ನಾನು, ದುಬಾಯಿ ಮನೆಯವರು, ಕೊನೆಗೆ ಕೋಲೂರಿಕೊಂಡು ಅತ್ತೆ ಕೂಡ, ಎಲ್ಲರೂ ಧಣಿಗಳ ಮನೆಗೆ ನಡೆದೆವು. ಅವರು ಅಂಗಳದಲ್ಲಿ ಅಡಿಕೆ ಜಗಿಯುತ್ತಾ ನಿಂತಿದ್ದರು. ಗಿರಿಜ ಬುಟ್ಟಿ ಇಳಿಸಿದಳು. ಧಣಿಗಳು ಏನೂ ಕೇಳದೆ ಬಗ್ಗಿ ಒಂದು ಹಿಡಿ ತೆಗೆದು, ಬೆರಳಿನಲ್ಲಿ ಹುಡಿ ಮಾಡಿ, ಮೂಸಿದರು. ಇನ್ನೊಂದು ಹಿಡಿ ತೆಗೆದರು.

"ಇದು ಎಲ್ಲಿಯದ್ದು ಬಾಯಮ್ಮ?"

"ನಿಮ್ಮ ಆರು ಬಿಡಾರದ್ದು. ಇದರಲ್ಲಿ ನಿಮ್ಮ ಮಗಳ ಮದುವೆಯ ಊಟವೂ ಉಂಟು."

ಟೀಚರ್ ಮೆಲ್ಲಗೆ ಹೇಳಿದರು, "ಆರು ಮನೆಯಿಂದ ಇಷ್ಟು ಬರುವುದಾದರೆ ಪೇಟೆಯಿಂದ ಎಷ್ಟು ಬರಬೇಕು ಧಣಿಗಳೇ? ಅದನ್ನು ಕೋರೆಗೆ ಹಾಕಿ ಬಾವಿ ಕೆಡಿಸುವುದಾ? ಕೋರೆ ನಮಗೆ ಕೊಡಿ. ಮಣ್ಣು ತುಂಬಿಸಿ ಅದರಲ್ಲಿ ಬಾಳೆ ಬೆಳೆದು ತೋರಿಸ್ತೇವೆ. ಬೆಳೆಯದಿದ್ರೆ ಆಮೇಲೆ ಲಾರಿ ಕರೆಯಿರಿ."

ಧಣಿಗಳು ಅತ್ತೆಯ ಕಡೆ ತಿರುಗಿದರು. "ನೀವೂ ಇವರೊಟ್ಟಿಗಾ?"

"ಅವರು ಹೇಳಿದ್ದನ್ನು ಮೊದಲೇ ಕೇಳಿದ್ರೆ ನನ್ನ ಮೊಮ್ಮಗಳು ಆಸ್ಪತ್ರೆಗೆ ಹೋಗ್ತಿರ್ಲಿಲ್ಲ" ಎಂದರು ಅತ್ತೆ. ಆ ಮಾತು ಅವರ ಬಾಯಿಂದ ಬಂದದ್ದು ಕೇಳಿ ನಾನು ತಲೆ ತಗ್ಗಿಸಿದೆ.

ಕೋರೆ ನಮಗೆ ಸಿಕ್ಕಿತು. ಆದರೆ ಟೀಚರಿಗೆ ಅದರಿಂದ ಪೂರ್ತಿ ಸಮಾಧಾನವಾಗಲಿಲ್ಲ. "ಲಾರಿ ಈಗ ಬೇರೆ ಯಾರದ್ದೋ ಬಾವಿ ಹುಡುಕಿಕೊಂಡು ಹೋಗ್ತದೆ, ಅಲ್ವಾ?" ಎಂದು ಕೊರಗಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಅವರೂ ಗಿರಿಜಳೂ ಕಾರ್ಕಳ ಪೇಟೆಯ ತರಕಾರಿ ಅಂಗಡಿ, ಹೋಟೆಲುಗಳಿಗೆ ಹೋಗಿ, ಹಸಿ ಕಸವನ್ನು ಬೇರೆ ಇಡಲು ಹೇಳಿಕೊಟ್ಟು, ಹತ್ತಿರದ ಕೃಷಿಕರನ್ನು ಅವರಿಗೆ ಗಂಟು ಹಾಕಿ ಬರುತ್ತಿದ್ದರು. ಎಲ್ಲರೂ ಕೇಳಲಿಲ್ಲ. ಕೇಳಿದವರ ಹಿತ್ತಲಲ್ಲಿ ಮಡಲಿನ ಮಾಡುಗಳು ಎದ್ದವು. ಇತ್ತ ಕೋರೆಯಲ್ಲಿ ಮೂರನೆಯ ವರ್ಷ ಬಾಳೆ ಗೊನೆ ಹಾಕಿತು. ಮೊದಲ ಗೊನೆಯನ್ನು ಟೀಚರ್ ಧಣಿಗಳ ಮನೆಗೆ ಕಳಿಸಿದರು. ಧಣಿಗಳು ಅರ್ಧ ಇಟ್ಟುಕೊಂಡು ಅರ್ಧವನ್ನು ಗಿರಿಜಳಿಗೆ ಕಳಿಸಿದರು, ಕರಾರು ಗೊತ್ತಿದ್ದವರ ಹಾಗೆ.

ನಿವೃತ್ತರಾಗಿ ಟೀಚರ್ ಶಂಕರಪುರಕ್ಕೆ ಹೋದರು. ಅಷ್ಟರಲ್ಲಿ ಅವರ ಅಮ್ಮ ತೀರಿಕೊಂಡಿದ್ದರು. ತಮ್ಮನ ಸಂಸಾರದೊಂದಿಗೆ ಇದ್ದು ಮಲ್ಲಿಗೆ ನೋಡಿಕೊಳ್ಳುತ್ತಿದ್ದರು. ಮೂರು ವರ್ಷ ಆಗುವ ಮೊದಲೇ, ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಹೃದಯ ನಿಂತು ಹೋದರೆಂದು ಫೋನು ಬಂತು. ನಾನೂ ಗಿರಿಜಳೂ ಬಸ್ಸು ಹಿಡಿದು ಶಂಕರಪುರದಲ್ಲಿ ಇಳಿದೆವು. ಇಗರ್ಜಿಯಲ್ಲಿ ಪೂಜೆ ಮುಗಿದು, ಮಣ್ಣು ಕೊಟ್ಟು, ಮನೆಗೆ ಬಂದಾಗ ಒಳಗೆ ಜನ ಪ್ರಾರ್ಥನೆ ಹೇಳುತ್ತಿದ್ದರು. ನಮಗೆ ಭಾಷೆ ತಿಳಿಯದು. ಹಿಂದಿನ ಮೆಟ್ಟಿಲಲ್ಲಿ ಹೋಗಿ ಕುಳಿತೆವು. ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿಯೂ ಬಂದು ಪಕ್ಕದಲ್ಲಿ ಕುಳಿತರು.

"ಅತ್ತಿಗೆ ಬಂದ ಮೇಲೆ ನನಗೆ ಸಿಟ್ಟೇ ಸಿಟ್ಟು" ಎಂದರು ಅವರು, ಕಣ್ಣೊರೆಸಿಕೊಳ್ಳುತ್ತಾ. "ದಿನಾ ಬೆಳಿಗ್ಗೆ ನನ್ನ ಬಕೆಟು ತಪಾಸಣೆ. ಒಂದು ದಿನ ಕೋಪದಲ್ಲಿ ನಾನು ಬಕೆಟನ್ನೇ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದೆ. ಅವರು ಬಂದು ನೋಡಿ, ಇದರೊಳಗೆ ಸುಟ್ಟ ದೋಸೆ ಉಂಟು, ವಾಸನೆಗೆ ಬೀಗ ಇಲ್ಲ ಅಂದ್ರು."

ಗಿರಿಜಳಿಗೆ ಮೊದಲು ನಗು ಬಂತು. ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿದಳು, ಆಗಲಿಲ್ಲ. ನಾನು ತಳ ಹಿಡಿದ ಅನ್ನದ ಕತೆ ಹೇಳಿದೆ. ಗಿರಿಜ, ಇಡೀ ಸಾಲು ಮೂಗು ಮುಚ್ಚಿಕೊಂಡು ಓಡಾಡಿದ ಮಳೆಗಾಲದ್ದು ಹೇಳಿದಳು. ಮೂವರೂ ನಕ್ಕು ನಕ್ಕು, ಅತ್ತು, ಮತ್ತೆ ನಗುತ್ತಿರುವಾಗ ಬಾಗಿಲಲ್ಲಿ ವಯಸ್ಸಾದ ಪಾದ್ರಿಗಳು ಬಂದು ನಿಂತರು. ಒಳಗೆ ಪ್ರಾರ್ಥನೆಗೆ ತೊಂದರೆಯಾಗುತ್ತಿದೆ ಎಂದು ಹೇಳಲು ಬಂದಿದ್ದಿರಬೇಕು. ನಾವು ಸೆರಗು ಸರಿ ಮಾಡಿಕೊಂಡೆವು.

"ಯಾವ ಕತೆ ಹೇಳ್ತಾ ಇದ್ರಿ?" ಎಂದು ಅವರು ಕೇಳಿದರು.

"ಸುಟ್ಟ ದೋಸೆಯದ್ದು ಫಾದರ್" ಎಂದರು ತಮ್ಮನ ಹೆಂಡತಿ, ತಲೆ ತಗ್ಗಿಸಿ.

ಪಾದ್ರಿಗಳು ಒಮ್ಮೆ ಹಿಂದೆ ತಿರುಗಿ ಒಳಗೆ ನೋಡಿದರು. ಆಮೇಲೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ನಿಲುವಂಗಿ ಮಡಚಿ, ಕೆಳಗಿನ ಮೆಟ್ಟಿಲಲ್ಲಿ ಕುಳಿತರು.

"ನನ್ನ ಕರಗಿದ ಮೇಣದಬತ್ತಿಗಳಿಗೆ ಅವರು ಎಂತ ಮಾಡಿದ್ರು ಅಂತ ನಿಮಗೆ ಗೊತ್ತುಂಟಾ?" ಎಂದರು.